ಮಂಗಲವಾಗುವವರೆಗೆ ಏಳಬಾರದು

ನನ್ನ ಬೆನ್ನು ನೋಡಿದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸರು ಬಾಯಿಬಿಟ್ಟು ಕೇಳುತ್ತಾರೆ, ಗಂಡಸರು ಕಣ್ಣಲ್ಲೇ ಕೇಳಿ ಸುಮ್ಮನಾಗುತ್ತಾರೆ. ಭುಜಗಳ ನಡುವೆ ಸ್ವಲ್ಪ ಕೆಳಗೆ ಒಂದು ಗೂನು ಇದೆ. ಹುಟ್ಟುವಾಗ ಬಂದದ್ದಲ್ಲ. ಈಚೆಗೆ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಇದೇ ರೋಗವೆಂದು ಗೊತ್ತಾದಾಗ ಅವಳ ತಾಯಿ ನನ್ನ ಹತ್ತಿರ ಬಂದು ಅತ್ತಳು. ಈಗ ಔಷಧಿ ಬಹಳ ಸುಧಾರಿಸಿದೆ, ನನ್ನ ಹಾಗೆ ಮಲಗಬೇಕಾಗಿಲ್ಲ ಎಂದು ಸಮಾಧಾನ ಹೇಳಿದೆ. ಆದರೂ ಆಕೆ, "ನಿಮಗ ಹ್ಯಾಂಗ ಆಗಿತ್ತು, ಅದನ್ನ ಹೇಳ್ರಿ ಅಕ್ಕಾ" ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಆಗ ನಾನು ಭಾತಂಬ್ರಾಕ್ಕೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ತವರು ಔರಾದ. ಅಪ್ಪ ಅಲ್ಲಿ ಸಾಲಿ ಮಾಸ್ತರರು, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ನನ್ನ ಗಂಡ ದೇವದಾಸ ಬಡಿಗ. ಮಳೆ ಎರಡನೆಯ ವರ್ಷವೂ ಕೈಕೊಟ್ಟಿತ್ತು. ಪಡಿಯಂಗಡಿಯಲ್ಲಿ ಹೊರದೇಶದ ಕೆಂಪು ಜೋಳ ಕೊಡುತ್ತಿದ್ದರು. ಅದರ ರೊಟ್ಟಿ ತಟ್ಟಿದರೆ ಅಂಚೆಲ್ಲ ಒಡೆಯುತ್ತಿತ್ತು. ಅಂಥ ವರ್ಷದಲ್ಲಿ ಬಾಗಿಲು, ಕಿಟಕಿ ಮಾಡಿಸುವವರು ಯಾರು? ದೇವದಾಸ ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದ. ಓಣಿಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ ಶಾಂತಮ್ಮ.

ಬೆನ್ನುನೋವು ಶುರುವಾದಾಗ ಇಬ್ಬರೂ ಬಾವಿಯನ್ನೇ ಬೈದೆವು. ನೀರು ತಳ ಸೇರಿತ್ತು, ಹಗ್ಗದ ಮೇಲೆ ಹಗ್ಗ ಕಟ್ಟಿ ಸೇದಬೇಕಿತ್ತು. ಅತ್ತೆ ಎಣ್ಣೆ ತಿಕ್ಕಿದರು, ಇಟ್ಟಿಗೆ ಕಾಸಿ ಶಾಖ ಕೊಟ್ಟರು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಒಂದು ದಿನ ಚರ್ಚಿನಿಂದ ಬರುವಾಗ ಹಿಂದಿನಿಂದ ಯಾರೋ ಕೂಗಿ, "ಚಪ್ಪಲಿ ಬಿಟ್ಟು ಹೊಂಟೀದಿ ನೋಡವ್ವಾ" ಎಂದರು. ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಹತ್ತು ಮಾರು ಹಿಂದೆ ಬಿದ್ದಿತ್ತು. ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ. ಅಂದು ಮೊದಲ ಸಲ ಹೆದರಿದೆ.

ಭಾಲ್ಕಿಯ ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ, ಒಂದು ಚೀಟಿ ಬರೆದು ಬೀದರಿಗೆ ಕಳಿಸಿದರು. ಬೀದರಿನ ದವಾಖಾನೆಯ ಬೆಂಚಿನ ಮೇಲೆ ಎಕ್ಸ್‌ರೇಗಾಗಿ ಕಾದದ್ದು ಚೆನ್ನಾಗಿ ನೆನಪಿದೆ. ಒರಗಿದರೆ ನೋವು, ಬಾಗಿದರೆ ನೋವು. ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ಏನೂ ಕೇಳದೆ ತನ್ನ ಗಂಟನ್ನು ನನ್ನ ಬೆನ್ನಿಗೆ ಕೊಟ್ಟಳು. ಅದರೊಳಗೆ ಹಾಸಿಗೆ ಬಟ್ಟೆ ಇತ್ತೇನೋ, ಮೆತ್ತಗಿತ್ತು. ಅವಳ ಮುಖವನ್ನು ನಾನು ನೋಡಲೇ ಇಲ್ಲ.

ಡಾಕ್ಟರಮ್ಮ ದಕ್ಷಿಣದ ಕಡೆಯವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಬೆನ್ನೆಲುಬಿನ ಕ್ಷಯ ಎಂದರು. ಔರಾದಿನಿಂದ ಬಂದಿದ್ದ ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದವರು ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ಅತ್ತೆ ಜಗಳಕ್ಕೇ ನಿಂತರು.

"ಕ್ಷಯಾ ಎದಿಗಿ ಬರ್ತದ್ರಿ, ಬೆನ್ನಿಗಿ ಹ್ಯಾಂಗ ಬರ್ತದ? ಜರಾ ಸರಿಯಾಗಿ ನೋಡ್ರಿ."

ಹೈದರಾಬಾದಿನಿಂದ ಓಡಿ ಬಂದಿದ್ದ ದೇವದಾಸ ಕೇಳಿದ್ದು ಒಂದೇ ಮಾತು: "ನಡೀತಾಳೇನ್ರಿ?"

"ಈಗ ಮಲಗಿದರೆ ಮುಂದೆ ನಡೆಯುತ್ತಾಳೆ. ಈಗ ನಡೆದಾಡಿದರೆ ಮುಂದೆ ಮಲಗಿಯೇ ಇರಬೇಕಾಗುತ್ತದೆ" ಎಂದರು ಡಾಕ್ಟರಮ್ಮ. ಎಷ್ಟು ದಿನ ಎಂದು ಅತ್ತೆ ಕೇಳಿದರು. ಚಿಕಿತ್ಸೆ ಪೂರಾ ಒಂದೂವರೆ ವರ್ಷ, ಅದರಲ್ಲಿ ಬಹುಪಾಲು ಹಾಸಿಗೆಯಲ್ಲೇ ಎಂದರು. ಅತ್ತೆ ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು.

ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದರು. ದಿನಾ ಒಂದು ಇಂಜೆಕ್ಷನ್. ಅದು ಇಳಿದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಮುಷ್ಟಿ ತುಂಬ ಗುಳಿಗೆ. ನೋವಿಗಿಂತ ನಾಚಿಕೆಯೇ ಹೆಚ್ಚು ಕಾಡಿತು. ಬೆಡ್‌ಪ್ಯಾನಿಗೂ ಇನ್ನೊಬ್ಬರನ್ನು ಕರೆಯಬೇಕು. ಪ್ಲಾಸ್ಟರಿನೊಳಗೆ ತುರಿಕೆ ಎದ್ದಾಗ ಅತ್ತೆ ಸಿಸ್ಟರ್ ಕಣ್ಣು ತಪ್ಪಿಸಿ ಕಸ ಗುಡಿಸುವ ಬಾರಿಗೆ ಕಡ್ಡಿ ತೂರಿಸಿ ತುರಿಸುತ್ತಿದ್ದರು. ಹಾಗೆ ಮಾಡಬಾರದು ಎಂದು ಈಗ ನಾನೇ ಎಲ್ಲರಿಗೂ ಹೇಳುತ್ತೇನೆ. ಆಗ ಮಾತ್ರ ಅದು ಸ್ವರ್ಗವಾಗಿತ್ತು.

ಹೊಸ ವರ್ಷ ಬಂತು. ನಮ್ಮ ಕಡೆಯ ಚರ್ಚುಗಳಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಒಂದು ತಟ್ಟೆ ತಿರುಗುತ್ತದೆ. ಅದರಲ್ಲಿ ಸುರುಳಿ ಸುತ್ತಿದ ಚೀಟಿಗಳು. ಒಂದೊಂದರಲ್ಲಿ ಸತ್ಯವೇದದ ಒಂದೊಂದು ವಾಗ್ದಾನದ ವಾಕ್ಯ. ಕಣ್ಣು ಮುಚ್ಚಿ ಎತ್ತಿಕೊಂಡದ್ದು ಆ ವರ್ಷಕ್ಕೆ ನಿಮ್ಮದು. ಕೆಲವರು ಗೋಡೆಗೆ ಅಂಟಿಸುತ್ತಾರೆ, ಕೆಲವರು ಟ್ರಂಕಿನಲ್ಲಿ ಇಡುತ್ತಾರೆ. ಅತ್ತೆಗೆ ಓದಲು ಬಾರದು, ಆದರೆ ಆ ಚೀಟಿಯ ಮೇಲೆ ಅವರಿಗೆ ಇದ್ದ ಭರವಸೆ ದವಾಖಾನೆಯ ಮೇಲೆ ಇರಲಿಲ್ಲ. ತಮ್ಮದನ್ನು ಬಿಟ್ಟು ನನ್ನ ಹೆಸರಿನಲ್ಲಿ ಒಂದು ಎತ್ತಿ, ಭಾತಂಬ್ರಾದಿಂದ ಸೆರಗಿನ ಗಂಟಿನಲ್ಲಿ ತಂದರು.

ಓದಿದೆ. ದೇವರು ನಮ್ಮ ವಿಷಯವಾಗಿ ಮಾಡಿಕೊಂಡ ಯೋಚನೆ ಕೇಡಿನದಲ್ಲ, ಹಿತದ್ದು, ಮುಂದೆ ಒಳ್ಳೆಯ ದಿನಗಳಿವೆ ಎಂಬ ಅರ್ಥದ ವಾಕ್ಯ. ನನಗೆ ಬಾಯಿಪಾಠವಾಗಿದ್ದದ್ದೇ. ಅತ್ತೆಯ ಮುಖ ಅರಳಿತು. "ನೋಡಿದೇನು? ಒಂದೂವರಿ ವರ್ಷ ಇಲ್ಲ, ಏನಿಲ್ಲ. ಈಸ್ಟರಿಗಿ ನೀ ಮನ್ಯಾಗಿರ್ತಿ" ಎಂದು ಚೀಟಿಯನ್ನು ಮಂಚದ ತಲೆಯ ಕಡೆಯ ಕಂಬಿಗೆ ದಾರದಿಂದ ಕಟ್ಟಿದರು.

ಪಕ್ಕದ ಮಂಚದಲ್ಲಿ ಕಾಶಿಬಾಯಿ ಇದ್ದರು. ಮೆಹಕರದವರು, ಅಪ್ಪಟ ಬಸವಣ್ಣನವರ ಒಕ್ಕಲು, ಕೊರಳಲ್ಲಿ ಲಿಂಗ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರುವಾಗ ಬಿದ್ದು ತೊಡೆ ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಎಳೆದು ಮಲಗಿಸಿದ್ದರು. ಮಕ್ಕಳಿಬ್ಬರೂ ಪುಣೆಯ ಕಡೆಗೆ ಕೆಲಸ ಹುಡುಕಿಕೊಂಡು ಹೋಗಿದ್ದರು. ನಾನು ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ಅವರು ನನ್ನನ್ನು ಬಾಯಿ ಎನ್ನುತ್ತಿದ್ದರು. ಅತ್ತೆ ಹೋದ ಮೇಲೆ ಮೌಶಿ ಕೇಳಿದರು:

"ಚೀಟ್ಯಾಗ ಛಲೋ ಮಾತು ಅದ ಬಾಯಿ. ಯಾರು ಯಾರಿಗಿ ಹೇಳಿದ್ದು?"

"ದೇವರು ನಮಗ ಹೇಳಿದ್ದು."

"ನಿಮಗ ಈಗ ಬಂತು. ಮೊದಲ ಯಾರಿಗಿ ಹೇಳಿದ್ದ? ಯಾಕ ಹೇಳಿದ್ದ?"

ಗೊತ್ತಿರಲಿಲ್ಲ. ಮಾಸ್ತರರ ಮಗಳು, ಸಂಡೇಸ್ಕೂಲಿನಲ್ಲಿ ಬಹುಮಾನ ತೆಗೆದುಕೊಂಡವಳು, ನೂರಾರು ವಾಕ್ಯ ಬಾಯಲ್ಲಿದ್ದವು. ಹುರಿದ ಕಡಲೆಯ ಹಾಗೆ ಎಲ್ಲವೂ ಬಿಡಿಬಿಡಿ. ಯೆರೆಮೀಯನೆಂಬ ಪ್ರವಾದಿಯ ಪುಸ್ತಕದ್ದು ಎಂದಷ್ಟೇ ಹೇಳಿದೆ. ಆತ ಯಾರು, ಅವನ ಹಿಂದೆ ಏನಾಗಿತ್ತು ಎಂದು ಮೌಶಿ ಬಿಡಲಿಲ್ಲ. ಕೊನೆಗೆ ಅವರೇ ತೀರ್ಮಾನ ಕೊಟ್ಟರು.

"ನಮ್ಮೂರಾಗ ಶ್ರಾವಣದಾಗ ಪುರಾಣ ಹಚ್ತಾರ. ಮೊದಲಿನ ದಿನದಿಂದ ಹಚ್ಚಿ ಮಂಗಲಾ ಆಗೋತನಕ ಬಿಡಂಗಿಲ್ಲ. ನಡುವ ಯಾರೂ ಏಳಬಾರದು. ನಿಮ್ಮ ಪುರಾಣನೂ ಹಂಗ ಹಚ್ರಿ. ಹ್ಯಾಂಗೂ ಇಬ್ಬರಿಗೂ ಏಳಲಾಕ ಬರಂಗಿಲ್ಲ."

ಇಬ್ಬರೂ ನಕ್ಕೆವು. ನಕ್ಕರೆ ಪ್ಲಾಸ್ಟರ್ ಪಕ್ಕೆಗೆ ಒತ್ತುತ್ತಿತ್ತು.

ಅಪ್ಪನ ದೊಡ್ಡಕ್ಷರದ ಸತ್ಯವೇದ ಔರಾದಿನಿಂದ ಬಂತು. ಅಂಗಾತ ಮಲಗಿ ಅಷ್ಟು ಭಾರದ ಪುಸ್ತಕ ಹಿಡಿಯುವುದಾಗದು. ಮಧ್ಯಾಹ್ನ ಊಟವಾದ ಮೇಲೆ ಆಯಾ ನನ್ನನ್ನು ಬೋರಲು ಹೊರಳಿಸುತ್ತಿದ್ದಳು. ಎದೆಯ ಕೆಳಗೆ ದಿಂಬು, ಮಂಚದ ತಲೆಯ ಕಡೆ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಪುಸ್ತಕ. ಅಂಚಿನಿಂದ ಇಣುಕಿ ಓದುತ್ತಿದ್ದೆ. ಕತ್ತು ಸೋಲುವವರೆಗೆ ಒಂದು ದಿನದ ಪಾಲು. ಮೊದಲು ಮೌಶಿಗಾಗಿ ಓದಿದೆ. ಬರಬರುತ್ತ ಆ ಕೋಣೆಯ ಹೆಂಗಸರೆಲ್ಲ ಕಿವಿಗೊಟ್ಟರು.

ಸತ್ಯವೇದದಲ್ಲಿ ಇಷ್ಟೊಂದು ಬರಗಾಲಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಅಬ್ರಹಾಮ ಬರ ಬಿದ್ದು ಐಗುಪ್ತ ದೇಶಕ್ಕೆ ಗುಳೆ ಹೋದ. ಅವನ ಮೊಮ್ಮಗನ ಮಕ್ಕಳು ಧಾನ್ಯಕ್ಕಾಗಿ ಕತ್ತೆಗಳ ಮೇಲೆ ಚೀಲ ಹಾಕಿಕೊಂಡು ಅಲ್ಲಿಗೇ ಹೋದರು. "ಜ್ವಾಳಕ್ಕ ಹೋದ್ರೇನು? ನಮ್ಮವರೂ ಹೋಗ್ಯಾರ ಬಿಡು" ಎಂದರು ಮೌಶಿ. ತಮ್ಮಂದಿರು ಮಾರಿಬಿಟ್ಟ ಅಣ್ಣನೇ ಅಲ್ಲಿ ಉಗ್ರಾಣದ ಅಧಿಕಾರಿಯಾಗಿದ್ದಾನೆ ಎಂದು ನಾನು ಬಾಯಿತಪ್ಪಿ ಹೇಳಿದಾಗ, "ತಮ್ಮಂದಿರಲ್ಲ, ಅಣ್ಣಂದಿರು ಮಾರಿದ್ದು. ಆತ ಸಣ್ಣಾವ" ಎಂದು ಮೂಲೆಯ ಮಂಚದಿಂದ ಒಬ್ಬಾಕೆ ನನ್ನನ್ನೇ ತಿದ್ದಿದಳು. ಎಲ್ಲರೂ ಅಷ್ಟು ಗಮನವಿಟ್ಟು ಕೇಳುತ್ತಿದ್ದರು.

ವಂಶಾವಳಿಗಳು ಬಂದಲ್ಲಿ ನಾನು ಪುಟ ಹಾರಿಸಹೊರಟೆ. ಮೌಶಿ ಒಪ್ಪಲಿಲ್ಲ. "ಹೆಳವ ಬಂದು ನಮ್ಮ ಮನೆತನದ ಹೆಸರು ಹೇಳುವಾಗ ನಡುವ ಬಿಡು ಅಂತೀವೇನು? ಓದ್ರಿ" ಎಂದರು. ಮಗನ ಹೆಸರು, ಅವನ ಮಗನ ಹೆಸರು, ಎಲ್ಲವನ್ನೂ ಓದಿದೆ. ಯಾಜಕರ ಕಟ್ಟಳೆಗಳಲ್ಲಿ ಅವರಿಗೆ ನಿದ್ದೆ ಬಂತು, ಅದನ್ನು ಮುಚ್ಚಿಡಲಿಲ್ಲ. ಮರುಭೂಮಿಯಲ್ಲಿ ನಲವತ್ತು ವರ್ಷ ಅಲೆದವರ ಕಥೆ ಓದುವಾಗ ನನ್ನ ಒಂದೂವರೆ ವರ್ಷ ಸ್ವಲ್ಪ ಸಣ್ಣದಾಗಿ ಕಂಡಿತು. ಪೂರ್ತಿ ಅಲ್ಲ, ಸ್ವಲ್ಪ.

ಬರದಿಂದ ಪರದೇಶಕ್ಕೆ ಹೋಗಿ, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು, ಒಬ್ಬ ಸೊಸೆಯೊಂದಿಗೆ ಊರಿಗೆ ಮರಳಿದ ಮುದುಕಿಯ ಕಥೆ ಬಂದ ದಿನ ಅತ್ತೆ ಅಲ್ಲೇ ಇದ್ದರು. ಕೇಳಿ ಮುಗಿದ ಮೇಲೆ, "ಆಕಿ ಸೊಸಿ ಅತ್ತಿ ಬೆನ್ನಿಗಿ ಹೋದಳು. ನನ್ನ ನಸೀಬಾ ನೋಡ್ರಿ, ಸೊಸಿ ಬೆನ್ನಿಗಿ ನಾ ಕುಂತೀನಿ" ಎಂದು ಹುಸಿಕೋಪ ಮಾಡಿದರು. ಆದರೆ ಅವರ ಮಾತಿನ ಹಿಂದೆ ನಿಜವಾದ ದಣಿವಿತ್ತು. ಊರು ಖಾಲಿಯಾಗುತ್ತಿತ್ತು. ಮಗ ಹೈದರಾಬಾದಿಗೆ ಬಾ ಎನ್ನುತ್ತಿದ್ದ. ನನ್ನನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಇಲ್ಲಿ ಕುಳಿತಿರಲು ತ್ರಾಣವಿಲ್ಲ. ಅವರಿಗೆ ನಾನು ಬೇಗ ಏಳಬೇಕಾಗಿತ್ತು.

ಈಸ್ಟರ್ ಹತ್ತಿರ ಬಂದಾಗ ದೇವದಾಸ ಬಂದ. ಮೇಸ್ತ್ರಿ ಒಂದು ಗುಡಿಸಲು ಕೊಟ್ಟಿದ್ದಾನೆ, ಮೂವರೂ ಅಲ್ಲೇ ಇರಬಹುದು ಎಂದ. ಅದೇ ಹೊತ್ತಿಗೆ, ರೋಗಿಗಳಿಗಾಗಿ ಊರೂರು ತಿರುಗಿ ಪ್ರಾರ್ಥಿಸುವ ಒಬ್ಬರನ್ನು ಅತ್ತೆ ಕರೆತಂದರು. ಒಳ್ಳೆಯ ಮನುಷ್ಯ, ದನಿ ಮೆತ್ತಗಿತ್ತು. ಕಂಬಿಯಲ್ಲಿದ್ದ ಚೀಟಿ ಓದಿ ಅವರ ಕಣ್ಣು ತುಂಬಿತು.

"ವಾಗ್ದಾನ ಕೈಯಾಗ ಅದ, ಮ್ಯಾಲ ಈ ಕಟ್ಟು ಯಾಕ ತಂಗಿ? ಬರೋ ಐತವಾರ ಬರ್ತೇನಿ. ವಿಶ್ವಾಸದಿಂದ ಇದನ್ನ ಕೊಯ್ಸಿ ಎದ್ದು ನಿಂದ್ರು" ಎಂದರು.

ಡಾಕ್ಟರಮ್ಮನನ್ನು ಕೇಳಿದೆವು. ಎಲುಬು ಇನ್ನೂ ಹಸಿ, ಈಗ ಎದ್ದರೆ ಕಾಲು ಉಳಿಯುವ ಭರವಸೆ ಕೊಡಲಾರೆ, ಮನೆಯವರು ಬೇಡವೆಂದರೆ ನಾನು ಕಟ್ಟಿಹಾಕಲಾರೆ ಎಂದರು. ದೇವದಾಸ ತೀರ್ಮಾನವನ್ನು ನನಗೇ ಬಿಟ್ಟ. ನಿಜ ಹೇಳುತ್ತೇನೆ, ಒಪ್ಪಿಕೊಳ್ಳುವ ಮನಸ್ಸೇ ನನಗೆ ಹೆಚ್ಚಾಗಿತ್ತು. ನನಗೆ ಮನೆಗೆ ಹೋಗಬೇಕಾಗಿತ್ತು. ಹಾಗೆ ಒಪ್ಪದಿದ್ದರೆ ವಿಶ್ವಾಸವಿಲ್ಲದವಳು ಎನಿಸಿಕೊಳ್ಳುವ ಭಯವೂ ಇತ್ತು.

ಓದು ನಡೆದೇ ಇತ್ತು. ರಾಜರ ಕಥೆಗಳು ಮುಗಿದು, ಪಟ್ಟಣ ಬಿದ್ದು, ಜನರನ್ನು ಬಾಬೆಲಿಗೆ ಸೆರೆ ಒಯ್ದಾಗಿತ್ತು. ಪ್ರವಾದಿಗಳ ಪುಸ್ತಕಗಳಲ್ಲಿ ಇದ್ದೆವು. ಶುಕ್ರವಾರದ ಪಾಲಿನಲ್ಲಿ ಯೆರೆಮೀಯ ಕೊರಳಿಗೆ ಮರದ ನೊಗ ಹಾಕಿಕೊಂಡು ಜನರ ಮುಂದೆ ನಿಂತಿದ್ದ. ಈ ಭಾರ ಹೊರಬೇಕು, ಬೇಗ ಇಳಿಯದು ಎಂಬುದಕ್ಕೆ ಅದು ಗುರುತು. ಇನ್ನೊಬ್ಬ ಪ್ರವಾದಿ ಎದ್ದು, ಎರಡೇ ವರ್ಷದಲ್ಲಿ ಎಲ್ಲರೂ ಮನೆಗೆ ಮರಳುತ್ತಾರೆ ಎಂದು ಸಾರಿ ಆ ನೊಗವನ್ನು ಮುರಿದುಹಾಕಿದ. ಅವನ ಮಾತು ಸುಳ್ಳಾಯಿತು.

"ನಾ ಇದ್ರ ಎರಡು ವರ್ಷ ಅಂದಾವನ್ನೇ ನಂಬ್ತಿದ್ದೆ ಬಾಯಿ" ಎಂದರು ಮೌಶಿ. "ಮಕ್ಕಳು ದೂರ ಇದ್ದ ಯಾವ ತಾಯಿ ನಂಬಂಗಿಲ್ಲ?"

ಮುಂದಿನ ಪುಟ ತಿರುಗಿಸಿದೆ. ಯೆರೆಮೀಯ ಪರದೇಶದಲ್ಲಿದ್ದವರಿಗೆ ಹೇಳಿ ಕಳಿಸಿದ ಮಾತುಗಳು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ಇರುವ ಊರಿಗಾಗಿ ಪ್ರಾರ್ಥಿಸಿ. ಎಪ್ಪತ್ತು ವರ್ಷ ತುಂಬಿದ ಮೇಲೆ ಕರೆತರುತ್ತೇನೆ. ಅದರ ಬೆನ್ನಿಗೇ, ಉಸಿರೂ ಬಿಡದೆ, ನನ್ನ ಚೀಟಿಯ ವಾಕ್ಯ ಬಂತು.

ಓದು ನಿಂತಿತು. ಮೊದಲು ಬಂದದ್ದು ಸಿಟ್ಟು. ಆ ಒಂದು ವಾಕ್ಯವನ್ನು ಅದರ ಮನೆಯಿಂದ ಕಿತ್ತು ನನ್ನ ಮಂಚಕ್ಕೆ ಕಟ್ಟಿದ್ದರು, ಅದರ ಹಿಂದಿನ ಎಪ್ಪತ್ತು ವರ್ಷ ಯಾರೂ ಹೇಳಿರಲಿಲ್ಲ. ಆಮೇಲೆ ಅಳು ಬಂತು. ಬೋರಲು ಮಲಗಿ ಅತ್ತರೆ ಕಣ್ಣೀರು ನೇರ ಪುಸ್ತಕದ ಮೇಲೆ ಬೀಳುತ್ತದೆ. ಆ ಪುಟ ಇಂದಿಗೂ ಸುಕ್ಕಾಗಿಯೇ ಇದೆ. ಅತ್ತದ್ದು ದುಃಖಕ್ಕಲ್ಲ. ವಾಗ್ದಾನ ಸುಳ್ಳಾಗಿರಲಿಲ್ಲ. ಬಹಳ ದಿನ ಇರಬೇಕಾದವರಿಗೇ ಅದನ್ನು ಹೇಳಿದ್ದು. ನಾನು ಅಂಥವಳೇ ಆಗಿದ್ದೆ.

ಶನಿವಾರ ಅತ್ತೆಯನ್ನು ಸ್ಟೂಲಿನ ಹತ್ತಿರ ಕೂರಿಸಿಕೊಂಡು ನೊಗದಿಂದ ಹಿಡಿದು ಚೀಟಿಯವರೆಗೆ ಓದಿದೆ. ಅವರು ಕಂಬಿಯಲ್ಲಿದ್ದ ಚೀಟಿಗೆ ಕೈ ಹಾಕಿದರು. ನನಗೆ ಹೆದರಿಕೆಯಾಯಿತು.

"ಹಿಂದ ಇಷ್ಟೆಲ್ಲ ಅದ ಅಂತ ನನಗ ಯಾರೂ ಓದಿ ಹೇಳಿಲ್ಲವ್ವ" ಎಂದರು. "ತ್ವಾಟಾ ಮಾಡ್ರಿ ಅಂತ ಖರೇ ಬರದದೇನು?"

"ಬರದದ ಅತ್ತಿ."

ಮರುದಿನ ಪ್ರಾರ್ಥನೆಯವರು ಬಂದರು. ಅತ್ತೆ ಬಾಗಿಲಲ್ಲೇ ನಿಂತು, "ಪ್ರಾರ್ಥನಾ ಮಾಡ್ರಿ ಅಯ್ಯನೋರೆ, ಚಹಾ ಕುಡೀರಿ. ಬೆನ್ನಿನ ಕಟ್ಟಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದರು. ಅವರು ಸ್ವಲ್ಪ ಬೇಸರಪಟ್ಟರು, ಪ್ರಾರ್ಥನೆ ಮಾಡಿದರು, ಚಹಾ ಕುಡಿದು ಹೋದರು. ಆ ಪ್ರಾರ್ಥನೆಯೂ ನನಗೆ ಬೇಕಾಗಿತ್ತು. ದೇವದಾಸ ಒಬ್ಬನೇ ಹೈದರಾಬಾದಿಗೆ ಹೊರಟ. ಹೊರಡುವಾಗ ಸ್ಟೂಲಿನ ಅಲುಗಾಡುತ್ತಿದ್ದ ಕಾಲಿಗೆ ಒಂದು ಬೆಣೆ ಬಡಿದು ಹೋದ. ಮುಂದಿನ ವಾರ ಅತ್ತೆ ಒಂದು ಡಾಲ್ಡಾ ಡಬ್ಬಿಯಲ್ಲಿ ಮಣ್ಣು ತುಂಬಿ ಮೆಂತ್ಯ ಹಾಕಿ ನನ್ನ ಕಿಟಕಿಯಲ್ಲಿಟ್ಟರು. ಬೀದರಿನಲ್ಲೂ ಆಗ ನೀರಿಗೆ ಹಾಹಾಕಾರ. ನಾನು ಮುಖ ತೊಳೆದ ನೀರನ್ನೇ ಅದಕ್ಕೆ ಹಾಕುತ್ತಿದ್ದರು. ಮೊದಲ ಸಲ ಕಿತ್ತಾಗ ಇಡೀ ಕೋಣೆಗೆ ಎರಡೆರಡು ಎಲೆ ಬಂತು.

ಕಥೆ ಮುಗಿಯುವ ಮೊದಲೇ ಮೌಶಿಯ ಕಾಲು ಕೂಡಿತು. ಯೇಸು ಸತ್ತು ಎದ್ದದ್ದನ್ನು ಕೇಳಿ, ಶಿಷ್ಯರು ಊರೂರಿಗೆ ಚದುರಿದ ಭಾಗದವರೆಗೆ ಬಂದಿದ್ದರು. ಪುಣೆಯಿಂದ ಹಿರಿಮಗ ಕರೆಯಲು ಬಂದ. ಕೋಲು ಊರಿ ನಿಂತು ಮೌಶಿ ನನ್ನ ಮೇಲೇ ರೇಗಿದರು.

"ಮಂಗಲಾ ಆಗಲಾರದೆ ಎದ್ದು ಹೊಂಟೀನಿ. ಹಿಂಗ ಮಾಡಬಾರದಿತ್ತು. ನೀವೇ ನಮ್ಮೂರಿಗಿ ನಡಕೋತ ಬಂದು ಮುಗಸ್ರಿ."

"ಬರ್ತೇನಿ ಮೌಶಿ" ಎಂದೆ. ಬರುತ್ತೇನೋ ಇಲ್ಲವೋ, ನನಗೇ ಗೊತ್ತಿರಲಿಲ್ಲ. ಕೊನೆಯ ಎರಡು ಅಧ್ಯಾಯಗಳನ್ನು ಬಿಟ್ಟು ಉಳಿದದ್ದನ್ನು ಓದಿ, ಪುಸ್ತಕ ಮುಚ್ಚಿಟ್ಟೆ. ನಡೆಯಲು ಬರದಿದ್ದರೆ ಅವು ಓದದೆಯೇ ಉಳಿಯಲಿ ಎಂದುಕೊಂಡೆ.

ಪ್ಲಾಸ್ಟರ್ ಕೊಯ್ದಾಗ ಒಳಗಿನ ಮೈ ನನ್ನದಲ್ಲವೆನ್ನಿಸಿತು. ಕಾಲುಗಳು ಬಾರಿಗೆ ಕಡ್ಡಿ. ಮೊದಲು ಕೂರುವುದು, ಆಮೇಲೆ ಮಂಚ ಹಿಡಿದು ನಿಲ್ಲುವುದು, ಆಮೇಲೆ ಗೋಡೆ ಹಿಡಿದು ನಾಲ್ಕು ಹೆಜ್ಜೆ. ಗುಳಿಗೆಗಳು ಮನೆಯಲ್ಲೂ ನಡೆದವು, ಅತ್ತೆ ಒಂದೂ ತಪ್ಪಿಸಗೊಡಲಿಲ್ಲ. ಮಳೆ ಬಂದು ದೇವದಾಸ ಊರಿಗೆ ಮರಳಿದ. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಕನ್ನಡಿಯಲ್ಲಿ ಅದನ್ನು ಮೊದಲ ಸಲ ನೋಡಿದ ದಿನ ಊಟ ಮಾಡಲಿಲ್ಲ. ಮರುದಿನ ಮಾಡಿದೆ. ಹೊಸ ವರ್ಷಕ್ಕೆ ಅತ್ತೆ ಎಂದಿನಂತೆ ಚೀಟಿ ಎತ್ತಿದರು, ಮನೆಗೆ ತಂದು ನನ್ನ ಮುಂದೆ ಹಿಡಿದು, "ಇದರ ಹಿಂದಿಂದು ಮುಂದಿಂದು ಓದು" ಎಂದರು. ಅವರು ಇರುವವರೆಗೂ ಅದೇ ನಮ್ಮ ಪದ್ಧತಿಯಾಯಿತು.

ಜೋಳ ಕೊಯ್ಲಾದ ಮೇಲೆ ನಾನೂ ಅತ್ತೆಯೂ ಮೆಹಕರಕ್ಕೆ ಹೋದೆವು. ಬಸ್ಸಿಳಿದು ಮೌಶಿಯ ಮನೆಯವರೆಗೆ ಅತ್ತೆಯ ತೋಳು ಹಿಡಿದು ನಡೆದೆ, ನಡುವೆ ಒಂದು ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡೆ. ಮೌಶಿ ಕುಂಟುತ್ತ ಹೊರಗೆ ಬಂದರು. ಮುಖ ನೋಡದೆ ಮೊದಲು ನನ್ನ ಕಾಲು ನೋಡಿದರು. ಆಮೇಲೆ ಎರಡೂ ಕೈಯಿಂದ ನನ್ನ ಗಲ್ಲ ಹಿಡಿದರು.

ಪಡಸಾಲೆಯಲ್ಲಿ ಕಂಬಳಿ ಹಾಸಿದರು. ನೆರೆಯವರೂ ನಾಲ್ಕು ಮಂದಿ ಬಂದರು. ನಡುವೆ ತಪ್ಪಿದ ಕಥೆಯನ್ನು ಬಾಯಿಮಾತಿನಲ್ಲಿ ಹೇಳಿ, ಕೊನೆಯ ಎರಡು ಅಧ್ಯಾಯ ತೆಗೆದೆ. ಹೊಸ ಪಟ್ಟಣ ಇಳಿದು ಬರುತ್ತದೆ. ದೇವರೇ ಜನರ ಕಣ್ಣೀರು ಒರೆಸುತ್ತಾನೆ. ನಡುವೆ ನದಿ ಹರಿಯುತ್ತದೆ, ಅದರ ದಡದಲ್ಲಿ ಜೀವದ ಮರ, ತಿಂಗಳಿಗೊಂದು ಫಲ. ನನಗೂ ಅಲ್ಲೇ ಹೊಳೆಯಿತು. ಮೊದಲ ಪುಟಗಳಲ್ಲಿ, ದೇವರು ಮೊದಲ ಮನುಷ್ಯರನ್ನು ಇಟ್ಟಿದ್ದ ತೋಟದ ನಡುವೆ, ಇದೇ ಮರ ಇತ್ತು. ಅವರು ತಪ್ಪು ಮಾಡಿ ಹೊರಬಿದ್ದ ಮೇಲೆ ಅದರ ಹತ್ತಿರ ಹೋಗದಂತೆ ದಾರಿಗೆ ಕಾವಲು ಹಾಕಿದ್ದರು. ಕಥೆಯೆಲ್ಲ ಅಲೆದು, ಗುಳೆ ಹೋಗಿ, ಸೆರೆಯಾಗಿ, ಸತ್ತು ಎದ್ದು, ಆ ಮರಕ್ಕೇ ಬಂದು ನಿಂತಿತ್ತು.

ಮೌಶಿ ಕೈ ಎತ್ತಿ ಓದು ನಿಲ್ಲಿಸಿದರು.

"ಇದು ಮೊದಲಿನ ಗಿಡನೇ ಅಲ್ಲೇನು? ಈಗರ ಹಣ್ಣು ತಿನ್ನಲಾಕ ಬಿಡ್ತಾರೇನು?"

"ಬಿಡ್ತಾರ ಮೌಶಿ. ಎಲಿ ಸುದ್ದಾ ಔಷಧಕ್ಕ ಅದಾವಂತ."

"ಕುದಿಸಿ ಕುಡೀಬೇಕೇನು, ಅರೆದು ಹಚ್ಚಬೇಕೇನು?" ಎಂದು ಅವರು ತಮ್ಮ ತೊಡೆ ಮುಟ್ಟಿಕೊಂಡರು. ಎಲ್ಲರೂ ನಕ್ಕರು, ಅತ್ತೆ ಎಲ್ಲರಿಗಿಂತ ಜೋರಾಗಿ. ನಗುವಾಗ ಈಗ ಪಕ್ಕೆಗೆ ಏನೂ ಒತ್ತಲಿಲ್ಲ.

ಉಳಿದ ಸಾಲುಗಳನ್ನು ಓದಿ ಪುಸ್ತಕ ಮುಚ್ಚಿದೆ. ಮೌಶಿ ಒಳಗಿನಿಂದ ಸಕ್ಕರೆ ತಂದು ಮಂಗಲದ ಪ್ರಸಾದವೆಂದು ಹಂಚಿದರು. ಅತ್ತೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನಾನು ಓರೆಗಣ್ಣಿನಿಂದ ನೋಡಿದೆ. ಅವರು ಎರಡೂ ಕೈ ಜೋಡಿಸಿ ಒಡ್ಡಿದರು. ಯಾರೂ ಎದ್ದಿರಲಿಲ್ಲ. ಮೌಶಿ ಕೊನೆಗೆ ನನ್ನ ಅಂಗೈಗೆ ಸಕ್ಕರೆ ಹಾಕಿ ಹೇಳಿದರು:

"ಮುಗೀತು ಬಾಯಿ. ಇನ್ನ ಏಳ್ರಿ."

ನಾನು ಗೋಡೆ ಹಿಡಿಯದೆ ಎದ್ದೆ.